ಮೊದಲು ಬೂಟು, ಆಮೇಲೆ ಬೆಂಕಿ

ಬೆಂಕಿ ಎಷ್ಟು ಗಂಟೆಗೆ ಹತ್ತುತ್ತದೆ ಎಂಬ ಪ್ರಶ್ನೆಗೆ ನಾನು ನೌಕರಿಯಲ್ಲಿದ್ದಷ್ಟು ಕಾಲವೂ ಒಂದೇ ಉತ್ತರ ಬರೆದಿದ್ದೇನೆ: ಬೆಳಗ್ಗೆ ಹನ್ನೊಂದಕ್ಕೆ. ಫೈರ್ ಡ್ರಿಲ್ ರಿಜಿಸ್ಟರಿನಲ್ಲಿ ಪುಟಗಟ್ಟಲೆ ನನ್ನ ಕೈಬರಹದಲ್ಲೇ ಅದು ಇದೆ. ಹತ್ತೂವರೆಗೆ ಚಹಾ ಮುಗಿಯುತ್ತಿತ್ತು, ಹನ್ನೆರಡರವರೆಗೆ ಸಾಹೇಬರು ಕುರ್ಚಿಯಲ್ಲಿರುತ್ತಿದ್ದರು, ಬಿಸಿಲಿನ್ನೂ ನೆತ್ತಿಗೆ ಬಂದಿರುತ್ತಿರಲಿಲ್ಲ. ಅಗ್ನಿದೇವರೂ ಕೇಂದ್ರ ಸರಕಾರದ ನೌಕರರೇ ಇರಬೇಕು, ಕಚೇರಿಯ ಅನುಕೂಲ ನೋಡಿಕೊಂಡೇ ಬರುತ್ತಾರೆ ಎಂಬ ನಂಬಿಕೆ ನಮ್ಮದು.

ಈ ಕಸುಬಿಗೆ ಹೊಸದಾಗಿ ಬರುತ್ತಿರುವ ಹುಡುಗ ಹುಡುಗಿಯರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನನಗೆ ಯಾವಾಗ ಯಾವ ಬಡ್ತಿ ಸಿಕ್ಕಿತು ಎಂಬುದು ನನ್ನ ಹೆಂಡತಿಗೇ ನೆನಪಿಲ್ಲ, ನಿಮಗೆ ಅದನ್ನು ಹೇಳಿ ಏನಾಗಬೇಕು. ನಾನು ಬೀದರ ಜಿಲ್ಲೆಯವನು. ಹೈದರಾಬಾದಿನ ಒಂದು ಕೇಂದ್ರ ಸರಕಾರಿ ಕಾರ್ಖಾನೆಯಲ್ಲಿ ಅಗ್ನಿ ಸುರಕ್ಷತಾ ಅಧಿಕಾರಿಯಾಗಿ ನಿವೃತ್ತನಾದೆ. ಕಾರ್ಖಾನೆಯಲ್ಲಿ ಕುಲುಮೆಗಳಿದ್ದವು, ಬಣ್ಣದ ದ್ರಾವಣದ ಟ್ಯಾಂಕುಗಳಿದ್ದವು, ಬೆಂಕಿ ಎಂದರೆ ಹೀಗಿರಬೇಕು ಎನ್ನುವಂಥ ಗಂಭೀರವಾದ ಬೆಂಕಿಗಳಿದ್ದವು. ಗೇಟಿನ ಪಕ್ಕದಲ್ಲಿ ಹಳದಿ ಬಣ್ಣದ ಒಂದು ಸಣ್ಣ ಕಟ್ಟಡವೂ ಇತ್ತು. ಅದು ನೌಕರರ ಮಕ್ಕಳನ್ನು ಹಗಲು ನೋಡಿಕೊಳ್ಳುವ ಕ್ರೆಶ್. ಅದರ ತಪಾಸಣೆಗೆ ಯಾರೂ ಒಪ್ಪುತ್ತಿರಲಿಲ್ಲ. ಕುಲುಮೆಯ ಮುಂದೆ ನಿಂತ ಗಂಡಸರು ಉಚ್ಚೆ ಬಟ್ಟೆ ಒಣಗಿಸುವ ಹಗ್ಗದ ಕೆಳಗೆ ತಲೆ ಬಗ್ಗಿಸಿ ಹೋಗುವುದುಂಟೆ? ಒಂದು ಸೋಮವಾರ ನಾನು ತಡವಾಗಿ ಬಂದೆ. ಕ್ರೆಶ್ ನನ್ನ ಪಾಲಿಗೆ ಬಂತು.

ಮೊದಲ ತಪಾಸಣೆಗೆ ಕಾರ್ಖಾನೆಯ ಚೆಕ್‌ಲಿಸ್ಟನ್ನೇ ಹಿಡಿದುಕೊಂಡು ಹೋದೆ, ಬೇರೆಯದು ಇರಲಿಲ್ಲ. ‘ಸ್ಥಳದಲ್ಲಿರುವವರೆಲ್ಲ ಹೆಲ್ಮೆಟ್ ಧರಿಸಿದ್ದಾರೆಯೇ?’ ಎಂಬ ಕಾಲಂ ಬಂತು. ಒಳಗೆ ಇಣುಕಿದೆ. ಮೂವತ್ತು ಚಿಲ್ಲರೆ ಮಕ್ಕಳು ಅವಲಕ್ಕಿ ತಿನ್ನುತ್ತಿದ್ದರು. ‘ಇಲ್ಲ’ ಎಂದು ಬರೆದೆ. ‘ಧೂಮಪಾನ ನಿಷೇಧ ಪಾಲನೆಯಾಗುತ್ತಿದೆಯೇ?’ ‘ಹೌದು, ತೃಪ್ತಿಕರ’ ಎಂದು ಬರೆದೆ. ನಮ್ಮ ಮುಖ್ಯ ಅಧಿಕಾರಿ ಶ್ರೀಕಂಠಯ್ಯನವರು, ಮೈಸೂರಿನವರು, ಅದಕ್ಕೆ ಹಸಿರು ಶಾಯಿಯಲ್ಲಿ ಸಹಿ ಹಾಕಿ ‘ಹೆಲ್ಮೆಟ್ ಬಗ್ಗೆ ಸೂಕ್ತ ಕ್ರಮ ಜರುಗಿಸಿ’ ಎಂದು ಕೆಳಗೆ ಬರೆದರು. ಆ ಕಾಗದ ಹಾಸ್ಯಕ್ಕೆ ಚೆನ್ನಾಗಿದೆ. ಆದರೆ ಅದೇ ಕಾಗದದಲ್ಲಿ ಇನ್ನೊಂದು ಕಾಲಂ ಇತ್ತು, ಅದನ್ನು ನೋಡಿ ಯಾರೂ ನಗಲಿಲ್ಲ. ರಿಸ್ಕ್ ಅಸೆಸ್‌ಮೆಂಟ್ ಎಂದು ಅದರ ಹೆಸರು. ಪ್ರತಿ ಕೋಣೆಗೂ ಅಪಾಯದ ಅಂಕ ಕೊಡಬೇಕು. ಅಡುಗೆಮನೆಯಲ್ಲಿ ಗ್ಯಾಸ್ ಸಿಲಿಂಡರ್ ಇತ್ತು, ಅದಕ್ಕೆ ಎಲ್ಲಕ್ಕಿಂತ ಹೆಚ್ಚು ಅಂಕ ಕೊಟ್ಟೆ. ಮಲಗುವ ಕೋಣೆಗೆ ಎಲ್ಲಕ್ಕಿಂತ ಕಡಿಮೆ. ಕಾರಣದ ಜಾಗದಲ್ಲಿ ಬರೆದದ್ದು ಇಷ್ಟು: ‘ಅಪಾಯಕಾರಿ ವಸ್ತುಗಳಿಲ್ಲ. ಮಕ್ಕಳು ಮಾತ್ರ.’

ಅಲ್ಲಿ ಒಬ್ಬ ಆಯಾ ಇದ್ದಳು, ಹುಲಿಗೆಮ್ಮ. ರಾಯಚೂರಿನ ಕಡೆಯವಳು, ಗುತ್ತಿಗೆಯ ಮೇಲೆ ಬಂದವಳು. ನಾಲ್ಕೂವರೆ ಅಡಿ ಎತ್ತರ. ಮಕ್ಕಳೊಡನೆ ತೆಲುಗು, ಹಿಂದಿ ಎರಡನ್ನೂ ಕಲಸಿ ಮಾತಾಡುತ್ತಿದ್ದಳು. ನಾನು ಕನ್ನಡದವನು ಎಂದು ತಿಳಿದ ದಿನದಿಂದ ನನ್ನನ್ನು ಬೈಯುವುದಕ್ಕೆ ಅವಳಿಗೆ ಒಂದು ಸ್ವಂತ ಭಾಷೆ ಸಿಕ್ಕಂತಾಯಿತು.

ವರಾಂಡದಲ್ಲಿ ಮರಳು ತುಂಬಿದ ಕೆಂಪು ಬಕೆಟ್‌ಗಳನ್ನು ತೂಗುಹಾಕಿದ್ದೆವು. ಮಕ್ಕಳಿಗೆ ಅದು ಆಟದ ಮರಳು. ತಪಾಸಣೆಗೆ ಕೈ ಹಾಕಿದರೆ ಚಮಚ, ಬಳಪ, ಅರ್ಧ ಬಿಸ್ಕತ್ತು ಸಿಗುತ್ತಿದ್ದವು. ಬೆಕ್ಕು ಅದನ್ನು ಯಾವ ಕೆಲಸಕ್ಕೆ ಬಳಸುತ್ತಿತ್ತು ಎಂಬುದನ್ನು ಕೈಯಿಂದಲೇ ತಿಳಿದುಕೊಂಡೆ. ರೋಸಿ ಹೋಗಿ ಬಕೆಟ್‌ಗಳನ್ನು ಗೋಡೆಯ ಮೇಲಕ್ಕೆ ಏರಿಸಿಬಿಟ್ಟೆ. ಹುಲಿಗೆಮ್ಮ ಕೆಳಗೆ ನಿಂತು ಕೈ ಎತ್ತಿ ನೋಡಿದಳು. ಬೆರಳು ಬಕೆಟ್ಟಿನ ತಳಕ್ಕೂ ತಾಗಲಿಲ್ಲ.

“ಸಾಹೇಬ್ರ, ಬೆಂಕಿ ಹತ್ತಿದ್ರ ನಾ ಮೊದಲ ಸ್ಟೂಲ್ ಹುಡುಕ್ಬೇಕೇನ್ರಿ?”

“ಮಕ್ಕಳ ಕೈಗೆ ಸಿಗಬಾರದು ಅಂತ ಏರಿಸೀನಿ ಹುಲಿಗೆಮ್ಮ.”

“ಹಂಗಾದ್ರ ಭಾಳ ಛಲೋ ಆತು ಬಿಡ್ರಿ. ಮಕ್ಕಳ ಕೈಗೂ ಸಿಗಂಗಿಲ್ಲ, ನನ್ನ ಕೈಗೂ ಸಿಗಂಗಿಲ್ಲ. ಬೆಂಕಿ ಕೈಗೂ ಸಿಗಂಗಿಲ್ಲ.”

ನಾನು ನಕ್ಕೆ. ಬಕೆಟ್ ಕೆಳಗಿಳಿಸಲಿಲ್ಲ. ನಿಯಮಪುಸ್ತಕದಲ್ಲಿ ಬಕೆಟ್ ಎಷ್ಟು ಎತ್ತರದಲ್ಲಿರಬೇಕು ಎಂದಿತ್ತು, ಆಯಾ ಎಷ್ಟು ಎತ್ತರ ಇರಬೇಕು ಎಂದಿರಲಿಲ್ಲ.

ಆಮೇಲೆ ಡ್ರಿಲ್ ಶುರುವಾಯಿತು. ಗಂಟೆ ಬಾರಿಸುವುದು, ಮಕ್ಕಳು ಗಂಟು ಹಾಕಿದ ಒಂದು ಹಗ್ಗ ಹಿಡಿದು ಸಾಲಾಗಿ ಹೊರಗೆ ಬರುವುದು. ಒಂದು ಗಂಟಿಗೆ ಒಂದು ಮಗು. ಹಗ್ಗ ನನ್ನದೇ ಕಲ್ಪನೆ, ಈಗಲೂ ಅದರ ಬಗ್ಗೆ ನನಗೆ ನಾಚಿಕೆಯಿಲ್ಲ. ಮೊದಲ ಡ್ರಿಲ್ ಮಾಡಿದ್ದು ಏಪ್ರಿಲ್‌ನಲ್ಲಿ. ಮಕ್ಕಳು ಬರಿಗಾಲಲ್ಲಿ ಅಂಗಳಕ್ಕೆ ಬಂದರು, ಕಲ್ಲುಹಾಸು ಕಾದಿತ್ತು. ಒಬ್ಬ ಹುಡುಗಿಯ ಅಂಗಾಲು ಕೆಂಪಾಯಿತು. ಅವಳ ಅಜ್ಜ ದೊಡ್ಡ ಹುದ್ದೆಯಲ್ಲಿದ್ದವರು. ಸಂಜೆಯೊಳಗೆ ದೂರಿನ ಪತ್ರ ಬಂತು.

ಶ್ರೀಕಂಠಯ್ಯನವರು ಕರೆದರು. “ಅಲ್ಲ ಕಣ್ರೀ ಬಿರಾದಾರ್, ಬೆಂಕಿಯಿಂದ ಕಾಪಾಡಕ್ಕೆ ಹೋಗಿ ಕಾಲು ಸುಡ್ತೀರಲ್ಲ. ಬೂಟು ಹಾಕಿಸಿ ಕರ್ಕೊಂಡು ಬನ್ನಿ.”

ಡ್ರಿಲ್ಲಿನ ಕ್ರಮಪಟ್ಟಿಯಲ್ಲಿ ಅದನ್ನು ಸೇರಿಸಿದೆ. ಹಂತ ಒಂದು: ಮಕ್ಕಳು ಬೂಟು ಧರಿಸುವುದು. ಹಂತ ಎರಡು: ಹಗ್ಗ ಹಿಡಿಯುವುದು. ಹಂತ ಮೂರು: ಮುಖ್ಯ ಬಾಗಿಲಿನಿಂದ ನಿರ್ಗಮಿಸುವುದು. ಹಿಂದಿನ ಅಡುಗೆಮನೆಯ ಬಾಗಿಲನ್ನು ಯಾವ ಕಾರಣಕ್ಕೂ ಬಳಸತಕ್ಕದ್ದಲ್ಲ, ಅಲ್ಲಿ ಸಿಲಿಂಡರ್ ಇದೆ. ಬೂಟಿನ ಕಪಾಟು ಮುಖ್ಯ ಬಾಗಿಲ ಪಕ್ಕದಲ್ಲೇ ಇತ್ತಾದ್ದರಿಂದ ಎಲ್ಲವೂ ಒಂದಕ್ಕೊಂದು ಹೊಂದಿಕೊಂಡವು. ಹೊಂದಿಕೊಂಡದ್ದನ್ನು ಕಂಡರೆ ನಮ್ಮ ಇಲಾಖೆಗೆ ಕಣ್ಣಲ್ಲಿ ನೀರು ಬರುತ್ತದೆ.

ತಿಂಗಳಿಗೊಮ್ಮೆ ಹನ್ನೊಂದಕ್ಕೆ ಗಂಟೆ. ಮಕ್ಕಳು ಆಟ ಬಿಟ್ಟು ಕಪಾಟಿನ ಮುಂದೆ ಕೂತು ಬೂಟು ಹಾಕಿಕೊಳ್ಳುವುದನ್ನು ನೀವು ನೋಡಬೇಕಿತ್ತು. ಮೂರು ವರ್ಷದ ಕೂಸು ಕೂಡ ತನ್ನ ಬೂಟಿನ ಪಟ್ಟಿ ತಾನೇ ಒತ್ತಿಕೊಳ್ಳುತ್ತಿತ್ತು. ಸುರಕ್ಷತಾ ಸಪ್ತಾಹದಲ್ಲಿ ನಮಗೆ ಬಹುಮಾನ ಬಂತು. ಫೋಟೊದಲ್ಲಿ ಎಲ್ಲರ ಬೂಟುಗಳೂ ಹೊಳೆಯುತ್ತಿವೆ, ನನ್ನವೂ.

ಬಹುಮಾನದ ಮರುದಿನ ಹುಲಿಗೆಮ್ಮ ಹಾಲಿನ ಲೋಟ ತೊಳೆಯುತ್ತ ಕೇಳಿದಳು. “ಸಾಹೇಬ್ರ, ಮಧ್ಯಾಹ್ನ ಊಟ ಆಗಿ ಇವು ಮಲಗಿರ್ತಾವಲ್ರಿ, ಆವಾಗೊಮ್ಮೆ ಗಂಟಿ ಬಾರಿಸಿ ನೋಡ್ರಿ. ಟೀಚರ್ ಮೇಡಂ ಊಟಕ್ಕ ಹೋಗಿರ್ತಾರ. ನಾ ಒಬ್ಬಾಕಿ, ಇನ್ನೊಬ್ಬಾಕಿ ಹಾಲು ಕಾಸಾಕ ಹೋಗಿರ್ತಾಳ. ಇವಕ್ಕ ಕಣ್ಣ ತೆರಿಯಾಂಗಿಲ್ಲ, ಬೂಟ ಎಲ್ಲಿಂದ ಹಾಕ್ಕೊಂತಾವ?”

ಮಾತು ಸರಿ ಎನ್ನಿಸಿತು. ಸಾಹೇಬರಿಗೆ ಹೇಳಿದೆ.

“ಮಲಗಿರೋ ಮಕ್ಕಳನ್ನ ಎಬ್ಬಿಸಿದ್ರೆ ಬೆಂಕಿ ಬೇಕಾಗಲ್ಲ ಇವ್ರೇ, ತಾಯಂದಿರೇ ನಮ್ಮನ್ನ ಸುಟ್ಟುಬಿಡ್ತಾರೆ,” ಎಂದರು ಶ್ರೀಕಂಠಯ್ಯ. ಇಬ್ಬರೂ ನಕ್ಕೆವು. ಚಹಾ ಬಂತು. ವಿಷಯ ಅಲ್ಲಿಗೆ ಮುಗಿಯಿತು. ನೌಕರಿಯಲ್ಲಿ ನಾನು ಮಾಡಿದ ತಪ್ಪುಗಳಲ್ಲಿ ಬಹಳಷ್ಟು ಚಹಾ ಬಂದಾಗಲೇ ಆದವು.

ತೆಲಂಗಾಣ ಬೇರೆ ರಾಜ್ಯವಾದ ಹೊಸತರಲ್ಲಿ, ಒಂದು ಮೇ ತಿಂಗಳ ಮಧ್ಯಾಹ್ನ, ಎರಡು ಗಂಟೆ ದಾಟಿತ್ತು. ಮುಖ್ಯ ಬಾಗಿಲ ಪಕ್ಕದ ಕಿಟಕಿಗೆ ಕೂಲರ್ ಕೂಡಿಸಿದ್ದರು. ಅದರ ತೊಟ್ಟಿಯಲ್ಲಿ ನೀರು ಮುಗಿದು, ಹುಲ್ಲಿನ ಪ್ಯಾಡು ಒಣಗಿ, ನೀರೆತ್ತುವ ಮೋಟಾರು ಕಾದು ಹತ್ತಿಕೊಂಡಿತು. ಫ್ಯಾನ್ ತಿರುಗುತ್ತಲೇ ಇತ್ತು. ಹೊಗೆಯನ್ನು ಅದೇ ಒಳಗೆ ತಳ್ಳಿತು. ಗೇಟಿನಲ್ಲಿದ್ದ ವಾಚ್‌ಮನ್ ಯಾದಗಿರಿ ಅದನ್ನು ಕಂಡು ಓಡಿಬಂದು, ನಾನು ಕಲಿಸಿದ್ದಂತೆ, ಗಂಟೆ ಬಾರಿಸಿದ.

ಗಂಟೆ ಕೇಳಿದ್ದೇ ತಡ, ಚಾಪೆಯ ಮೇಲೆ ಮಲಗಿದ್ದ ಮಕ್ಕಳು ನಾನು ಕಲಿಸಿದ್ದಂತೆ ಎದ್ದರು. ಅರ್ಧ ನಿದ್ದೆಯಲ್ಲೇ, ನಾನು ಕಲಿಸಿದ್ದಂತೆ, ಬೂಟಿನ ಕಪಾಟಿಗೆ ಹೋದರು. ಕಪಾಟು ಉರಿಯುವ ಕೂಲರಿನ ಕೆಳಗಿತ್ತು. ಹೊಗೆ ಎಲ್ಲಕ್ಕಿಂತ ದಟ್ಟವಾಗಿದ್ದ ಆ ಜಾಗದಲ್ಲಿ ಮಕ್ಕಳು ಸಾಲಾಗಿ ಕೂತು, ಕೆಮ್ಮುತ್ತ, ಬೂಟು ಹುಡುಕತೊಡಗಿದರು. ಹುಲಿಗೆಮ್ಮ ಕೂಗಿದಳು, ಎಳೆದಳು. ಒಂದನ್ನು ಎಳೆದರೆ ಇನ್ನೊಂದು ಹೋಗಿ ಕೂರುತ್ತಿತ್ತು. ಬೂಟಿಲ್ಲದೆ ಹೊರಗೆ ಹೋಗಬಾರದು ಎಂದು ಅವಕ್ಕೆ ಅಷ್ಟು ಚೆನ್ನಾಗಿ ಕಲಿಸಲಾಗಿತ್ತು.

ಆಗ ಅವಳು ಮಾಡಿದ್ದೇ ಬೇರೆ. ಮಕ್ಕಳನ್ನು ಬಿಟ್ಟು ಬೂಟುಗಳನ್ನು ಹಿಡಿದಳು. ಕಪಾಟಿನಿಂದ ಎರಡೂ ಕೈಯಲ್ಲಿ ಬಾಚಿ ಸೆರಗಿಗೆ ತುಂಬಿಕೊಂಡು, ಅಡುಗೆಮನೆ ದಾಟಿ, ಹಿಂದಿನ ಬಾಗಿಲು ಒದ್ದು ತೆರೆದು, ಎಲ್ಲವನ್ನೂ ಹಿತ್ತಲಿಗೆ ಎಸೆದಳು. ಮಕ್ಕಳು ಬೂಟಿನ ಹಿಂದೆ ಓಡಿದರು, ಅಳುತ್ತ, ಅವಳನ್ನು ಬೈಯುತ್ತ. ಹಾಲಿನ ಪಾತ್ರೆ ಹಿಡಿದು ನಿಂತಿದ್ದ ಇನ್ನೊಬ್ಬ ಆಯಾ ಅವರನ್ನು ಹೊರಗೆ ದಾಟಿಸಿದಳು. ಎರಡನೆಯ ಸಲ ಬೂಟು ಬಾಚುವಾಗ ಉರಿಯುವ ಪ್ಯಾಡಿನ ತುಂಡು ಬಿದ್ದು ಹುಲಿಗೆಮ್ಮನ ಮೊಣಕೈ ಸುಟ್ಟಿತು. ಅಡುಗೆಮನೆಯ ಮೆಟ್ಟಿಲಲ್ಲಿ ಒಬ್ಬ ಹುಡುಗ ಜಾರಿ ಬಿದ್ದ, ಗದ್ದಕ್ಕೆ ಮೂರು ಹೊಲಿಗೆ. ಉಳಿದವರಿಗೆ ಏನೂ ಆಗಲಿಲ್ಲ.

ನಾನು ಓಡಿಬಂದಾಗ ಹಿತ್ತಲ ತುಂಬ ಬೂಟುಗಳು. ನಾಲ್ಕು ವರ್ಷದ ಒಬ್ಬ ಹುಡುಗಿ ನನ್ನ ಪ್ಯಾಂಟು ಹಿಡಿದೆಳೆದು ದೂರು ಕೊಟ್ಟಳು: “ಅಂಕಲ್, ಆಯಮ್ಮಾ ಮೇರಾ ಜೂತಾ ಫೇಂಕ್ ದಿಯೇ!” ಆಯಮ್ಮ ತನ್ನ ಬೂಟು ಎಸೆದಳಂತೆ. ಆ ಪ್ರಕರಣದಲ್ಲಿ ನಾನು ದಾಖಲಿಸಿಕೊಳ್ಳದ ಏಕೈಕ ಸಾಕ್ಷಿ ಅವಳು.

ವರದಿ ಬರೆಯಬೇಕಾಗಿತ್ತು. ಗದ್ದಕ್ಕೆ ಹೊಲಿಗೆ ಬಿದ್ದ ಹುಡುಗನ ತಂದೆ ದೊಡ್ಡ ಅಧಿಕಾರಿ, ಯಾರ ತಪ್ಪು ಎಂದು ಮೇಲಿನಿಂದ ಕೇಳುತ್ತಿದ್ದರು. ನಾನು ಶ್ರೀಕಂಠಯ್ಯನವರ ಮುಂದೆ ಕೂತು, “ಸರ್, ಬೂಟಿನ ಹಂತವೇ ತಪ್ಪಾಗಿತ್ತು,” ಎಂದೆ.

ಅವರು ಪೆನ್ನಿನ ಮುಚ್ಚಳ ತಿರುಗಿಸಿದರು. ಕೆಟ್ಟ ಮನುಷ್ಯರಲ್ಲ ಅವರು. “ಆ ಕ್ರಮಪಟ್ಟಿಗೆ ಯಾರ ಸಹಿ ಇದೆ, ಬಿರಾದಾರ್?”

“ನಂದು ಸರ್. ಕೆಳಗೆ ನಿಮ್ಮದು.”

“ಹಾಗಾದ್ರೆ ನಡೆದದ್ದನ್ನ ಮಾತ್ರ ಬರೀರಿ. ಅಭಿಪ್ರಾಯ ಬೇಡ.”

ನಡೆದದ್ದನ್ನು ಮಾತ್ರ ಬರೆದೆ. ಇಂಗ್ಲಿಷಿನಲ್ಲಿ ಬರೆದದ್ದರ ತಾತ್ಪರ್ಯ ಇಷ್ಟು: ‘ಕರ್ತವ್ಯದಲ್ಲಿದ್ದ ಆಯಾ ಅನುಮೋದಿತ ಕ್ರಮವನ್ನು ಅನುಸರಿಸಲಿಲ್ಲ. ಹಂತ ಒಂದು, ಎರಡು ಪಾಲನೆಯಾಗಿಲ್ಲ. ನಿಷೇಧಿತ ಅಡುಗೆಮನೆ ಬಾಗಿಲಿನ ಮೂಲಕ ಮಕ್ಕಳನ್ನು ಕರೆದೊಯ್ಯಲಾಯಿತು. ಪರಿಣಾಮವಾಗಿ ಒಂದು ಮಗುವಿಗೆ ಗಾಯ.’ ನಷ್ಟದ ಪಟ್ಟಿಯಲ್ಲಿ ಕೂಲರ್ ಒಂದು, ಪರದೆ ಒಂದು, ಮಗುವಿನ ಎಡಗಾಲಿನ ಬೂಟು ಒಂದು. ಬೂಟಿನ ಮಾತು ಆ ವರದಿಯಲ್ಲಿ ಬಂದದ್ದು ಅಲ್ಲಿ ಮಾತ್ರ. ಒಂದು ವಾಕ್ಯವೂ ಸುಳ್ಳಲ್ಲ. ನೀವೂ ಮುಂದೆ ಇಂಥ ವರದಿ ಬರೆಯುತ್ತೀರಿ, ಅದಕ್ಕೇ ಹೇಳುತ್ತಿದ್ದೇನೆ. ಎಲ್ಲ ವಾಕ್ಯವೂ ನಿಜವಾಗಿದ್ದ ಕಾಗದವನ್ನು ಎರಡು ಸಲ ಓದಿ.

ಗುತ್ತಿಗೆದಾರ ಆ ವಾರವೇ ಹುಲಿಗೆಮ್ಮನನ್ನು ಕೆಲಸದಿಂದ ತೆಗೆದ. ಮೊಣಕೈಗೆ ಪಟ್ಟಿ ಕಟ್ಟಿಕೊಂಡು ಅವಳು ನನ್ನ ಕಚೇರಿಗೆ ಬಂದಳು. ಕೂರಲಿಲ್ಲ.

“ನನ್ನ ಮ್ಯಾಲ ಏನ ಬರದೀರಿ ಸಾಹೇಬ್ರ?”

“ನಡೆದದ್ದನ್ನ ಬರದೀನಿ ಹುಲಿಗೆಮ್ಮ.”

“ನಡೆದದ್ದು ನನಗ ಗೊತ್ತೈತ್ರಿ, ನಾ ಅಲ್ಲೇ ಇದ್ದೆ. ನೀವು ಇರಲಿಲ್ಲ.” ಮೊಣಕೈಯ ಪಟ್ಟಿ ಸರಿಮಾಡಿಕೊಂಡಳು. “ಕೆಲಸ ಹೋತು, ಹೋಗ್ಲಿ. ಇನ್ನೊಂದು ಕ್ರೆಶ್‌ಗೆ ಹೋಗಿ ಕೇಳಿದೆ. ಮಕ್ಕಳನ್ನ ಬೀಳಿಸಿದಾಕಿ ಅಂತ ಅಲ್ಲಿಗೂ ಸುದ್ದಿ ಮುಟ್ಟೇತಿ. ನನಗ ಬ್ಯಾರೆ ಕೆಲಸ ಬರಂಗಿಲ್ರಿ. ಹದಿನೆಂಟು ವರ್ಷದಿಂದ ಮಕ್ಕಳನ್ನ ಮಲಗಸೀನಿ, ಎಬ್ಬಿಸೀನಿ, ಅಷ್ಟ. ಈ ಹೆಣ್ಣಮಗಳು ಮಾಡಿದ್ದು ಬರೋಬರಿ ಐತಿ ಅಂತ ಒಂದು ಚೀಟಿ ಬರದು ಕೊಡ್ರಿ. ನಿಮ್ಮ ಸಹಿ ಹಾಕಿ.”

“ನೋಡೋಣ,” ಎಂದೆ.

ನೌಕರಿಯಲ್ಲಿ ನಾನು ಅತಿ ಹೆಚ್ಚು ಬಳಸಿದ ಪದ ಅದು. ಅವಳಿಗೆ ಅದರ ಅರ್ಥ ಗೊತ್ತಿತ್ತು. ಮತ್ತೆ ಎರಡು ಸಲ ಬಂದಳು, ಆಮೇಲೆ ಬರಲಿಲ್ಲ. ಚೀಟಿ ಬರೆದರೆ ವರದಿ ತಪ್ಪಾಗುತ್ತಿತ್ತು, ವರದಿ ತಪ್ಪಾದರೆ ಸಹಿಗಳೆರಡೂ ತಪ್ಪಾಗುತ್ತಿದ್ದವು. ನಾಲ್ಕು ಸಾಲಿನ ಚೀಟಿ, ನಾನು ಬರೆಯಲಿಲ್ಲ.

ಬದಲಿಗೆ ಕ್ರಮಪಟ್ಟಿಯನ್ನು ಸದ್ದಿಲ್ಲದೆ ತಿದ್ದಿದೆ. ಬೂಟಿನ ಹಂತ ತೆಗೆದೆ, ಕಪಾಟನ್ನು ಹಿತ್ತಲ ವರಾಂಡಕ್ಕೆ ಸಾಗಿಸಿದೆ, ಅಂಗಳಕ್ಕೆ ನೆರಳಿನ ಶೀಟು ಹಾಕಿಸಿದೆ, ಸಿಲಿಂಡರನ್ನು ಹೊರಗಿಟ್ಟು ಅಡುಗೆಮನೆಯ ಬಾಗಿಲನ್ನು ಎರಡನೆಯ ದಾರಿಯಾಗಿ ಮಾಡಿದೆ. ಬಕೆಟ್ಟನ್ನು ಕೆಳಗಿಳಿಸಿ ಮುಚ್ಚಳ ಹಾಕಿಸಿದೆ. ಮಕ್ಕಳು ಮಲಗುವ ಹೊತ್ತಿನಲ್ಲಿ ಇಬ್ಬರು ಆಯಾಗಳೂ ಕೋಣೆಯಲ್ಲೇ ಇರಬೇಕು ಎಂದು ಬರೆದೆ. ಮುಂದಿನ ಡ್ರಿಲ್ ಮಧ್ಯಾಹ್ನ ಎರಡಕ್ಕೆ. ತಾಯಂದಿರು ಯಾರೂ ನಮ್ಮನ್ನು ಸುಡಲಿಲ್ಲ; ಒಬ್ಬಾಕೆ ಧನ್ಯವಾದ ಹೇಳಿದಳು. ಆ ಸುಧಾರಣೆಗೆ ನನಗೆ ಪ್ರಶಂಸಾಪತ್ರ ಬಂತು. ‘ಸಲಹೆ ನೀಡಿದವರು’ ಎಂಬ ಕಾಲಂ ಇತ್ತು. ಅಲ್ಲಿ ನನ್ನ ಹೆಸರು ಬರೆದೆ.

ನಿವೃತ್ತಿಯಾದ ಮೇಲೆ ಹೈದರಾಬಾದಿನದೇ ಮಾದಾಪುರದ ಡೇ-ಕೇರ್‌ಗಳಿಗೆ ತಪಾಸಣೆಗೆ ಹೋಗತೊಡಗಿದೆ. ಈಗಿನ ವಿಧಾನಗಳು ನನ್ನ ಕಾಲದ್ದಕ್ಕಿಂತ ಎಷ್ಟೋ ಮೇಲು. ಹೊಗೆಯನ್ನು ಕಂಡರೆ ಚೀರುವ ಯಂತ್ರಗಳಿವೆ, ನಾಲ್ಕು ಕೂಸುಗಳನ್ನು ಒಟ್ಟಿಗೆ ತಳ್ಳಿಕೊಂಡು ಓಡಲು ಗಾಲಿ ತೊಟ್ಟಿಲುಗಳಿವೆ, ಚೆಕ್‌ಲಿಸ್ಟು ಮೊಬೈಲಿನಲ್ಲಿದೆ. ಆದರೂ ಪ್ರತಿ ಡೇ-ಕೇರ್‌ನ ಮ್ಯಾನೇಜರೂ ಫೋನಿನಲ್ಲಿ ಒಂದೇ ಮಾತು ಕೇಳುತ್ತಾರೆ: ಸರ್, ಹನ್ನೊಂದಕ್ಕೆ ಬರ್ತೀರಾ? ಎರಡಕ್ಕೇ ಬರುತ್ತೇನೆ ಎನ್ನುತ್ತೇನೆ.

ನನ್ನ ಜೊತೆ ಮೇಘನಾ ಎಂಬ ಎಂಜಿನಿಯರ್ ಹುಡುಗಿ ಬರುತ್ತಿದ್ದಳು, ಚುರುಕು. ಒಂದು ದಿನ ತಪಾಸಣೆ ಮುಗಿದ ಮೇಲೆ ಕೇಳಿದಳು.

“ಸರ್, ಮಕ್ಕಳು ಮಲಗಿದಾಗಲೇ ಡ್ರಿಲ್ ಮಾಡ್ಬೇಕು ಅಂತ ನಿಮಗೆ ಹೇಗೆ ಹೊಳೀತು?”

“ಅನುಭವ ಅಮ್ಮಾ,” ಎಂದೆ.

ಅವಳು ತನ್ನ ಮೊಬೈಲಿನಲ್ಲಿ ಏನೋ ಬರೆದುಕೊಂಡಳು. ಬಗ್ಗಿ ನೋಡಿದೆ. ‘ಬಿರಾದಾರ್ ಸರ್ ಮೆಥಡ್’ ಎಂದಿತ್ತು.

ಮರುದಿನವೇ ವಾಚ್‌ಮನ್ ಯಾದಗಿರಿಯನ್ನು ಹುಡುಕಿ ಕೇಳಿದೆ. ಹುಲಿಗೆಮ್ಮ ಕಾಚಿಗೂಡದಲ್ಲಿ, ಸ್ಟೇಷನ್ ಹತ್ತಿರದ ಒಂದು ಲಾಡ್ಜಿನಲ್ಲಿ ಹಾಸಿಗೆ ಬಟ್ಟೆ ಒಗೆಯುವ ಕೆಲಸಕ್ಕಿದ್ದಾಳೆ ಎಂದ. ನಾನು ಚೀಟಿ ಬರೆದೆ. ಇಂಗ್ಲಿಷಿನಲ್ಲಿ, ಟೈಪು ಮಾಡಿಸಿ, ಸಹಿ ಹಾಕಿ, ಸಹಿಯ ಕೆಳಗೆ ‘ನಿವೃತ್ತ’ ಎಂದು ಸೇರಿಸಿ, ಒಂದು ಬೆಳಗ್ಗೆ ತೆಗೆದುಕೊಂಡು ಹೋದೆ. ಗಡಿಯಾರ ನೋಡಿದರೆ ಹನ್ನೊಂದು ಗಂಟೆ. ಅಭ್ಯಾಸ.

ಲಾಡ್ಜಿನ ಮಾಳಿಗೆಯ ಮೇಲೆ ಬಿಳಿಯ ಚಾದರಗಳನ್ನು ಒಣಹಾಕುತ್ತಿದ್ದಳು. ಕೂದಲು ಬೆಳ್ಳಗಾಗಿತ್ತು. ಮೊಣಕೈ ಹತ್ತಿರ ಚರ್ಮ ನುಣುಪಾಗಿ ಹೊಳೆಯುತ್ತಿತ್ತು.

“ಯಾರ್ರಿ... ಅಯ್ಯ, ಬಿರಾದಾರ ಸಾಹೇಬ್ರ! ಇಲ್ಲೇನ ಬಕೆಟ್ ನೋಡಾಕ ಬಂದೀರೇನು?”

ಚೀಟಿ ಚಾಚಿದೆ. ಅವಳು ಒದ್ದೆ ಕೈ ಸೆರಗಿಗೆ ಒರೆಸಿಕೊಂಡು ತೆಗೆದುಕೊಂಡಳು, ತಿರುಗಿಸಿ ನೋಡಿದಳು, ಮತ್ತೆ ನನ್ನ ಕೈಗೇ ಕೊಟ್ಟಳು. “ನನಗ ಇದು ಬರಂಗಿಲ್ಲ. ಕನ್ನಡದಾಗ ಹೇಳ್ರಿ.”

ನಿಂತುಕೊಂಡು ಕನ್ನಡದಲ್ಲಿ ಹೇಳಿದೆ. ಶ್ರೀಮತಿ ಹುಲಿಗೆಮ್ಮ ಇವರು ಬೆಂಕಿಯ ಸಂದರ್ಭದಲ್ಲಿ ಅಪಾರ ಸಮಯಪ್ರಜ್ಞೆ ತೋರಿ, ತಮ್ಮ ಜೀವದ ಹಂಗು ತೊರೆದು, ಎಲ್ಲ ಮಕ್ಕಳನ್ನೂ ಸುರಕ್ಷಿತವಾಗಿ ಪಾರುಮಾಡಿದರು. ನನ್ನ ದನಿ ನನಗೇ ಭಾಷಣದಂತೆ ಕೇಳಿಸಿತು. ಅವಳು ಬಾಯಲ್ಲಿ ಕ್ಲಿಪ್ಪು ಕಚ್ಚಿಕೊಂಡು ಕೊನೆಯವರೆಗೆ ಕೇಳಿದಳು. ಆಮೇಲೆ ಕ್ಲಿಪ್ಪು ತೆಗೆದಳು.

“ಬೂಟು ಎಲ್ಲೈತ್ರಿ ಇದರಾಗ?”

ನಾನು ಕಾಗದ ನೋಡಿದೆ.

“ನಾ ಬೂಟು ಹೊರಗ ಒಗದೆ, ಮಕ್ಕಳು ಬೂಟಿನ ಹಿಂದ ಓಡಿದ್ವು. ಅವು ಬೂಟಿಗಾಗಿ ಅಲ್ಲಿ ಯಾಕ ಕುಂತಿದ್ವು? ಯಾರು ಕುಂದರಿಸಿದ್ರು? ಅದು ಇಲ್ಲಲ್ರಿ.” ಚಾದರದ ಸುಕ್ಕನ್ನು ಕೈಯಿಂದ ಎಳೆದಳು. ಸಿಟ್ಟಿರಲಿಲ್ಲ ದನಿಯಲ್ಲಿ. “ರಿಟೈರ್ ಆಗೀರಿ, ತಲಿ ನನ್ನಂಗ ಬೆಳ್ಳಗಾಗೇತಿ. ಇನ್ನೂ ಹೆದರಿಕಿ ಹೋಗಿಲ್ಲ ನೋಡ್ರಿ ನಿಮಗ.”

“ಬೇರೆ ಬರೆದು ತರ್ತೀನಿ ಹುಲಿಗೆಮ್ಮ.”

“ನನಗ ಈಗ ಯಾತಕ್ಕ ಬೇಕ್ರಿ ಅದು? ಚಾದರಕ್ಕ ತೋರಸ್ಲೇನು? ಮಕ್ಕಳನ್ನ ನೋಡ್ಕೊಳ್ಳಾಕ ಮತ್ತ ಯಾರೂ ನನ್ನ ಕರೀಲಿಲ್ಲ. ಆ ವಯಸ್ಸೂ ಹೋತು. ಚಹಾ ಕುಡೀತೀರೇನು?”

ಬೇಡ ಎಂದೆ. ಅವತ್ತು ಚಹಾ ಬರುವುದು ನನಗೆ ಬೇಕಿರಲಿಲ್ಲ.

ಕಾರ್ಖಾನೆಗೆ ಬರೆದು ಹಳೆಯ ವರದಿಗೆ ತಿದ್ದುಪಡಿ ಸೇರಿಸಲು ಕೇಳಿದೆ. ಕಡತದ ಅವಧಿ ಮುಗಿದಿದೆ, ವಿಲೇವಾರಿಯಾಗಿದೆ ಎಂದು ಉತ್ತರ ಬಂತು. ಭಾಷೆ ಬಹಳ ಸಭ್ಯವಾಗಿತ್ತು. ಅಂಥ ಪತ್ರಗಳನ್ನು ಬರೆಯಲು ಆ ವಿಭಾಗದ ಹುಡುಗರಿಗೆ ಕಲಿಸಿದವನು ನಾನೇ. ಆದ್ದರಿಂದ ತಿದ್ದುಪಡಿಯನ್ನು ಇಲ್ಲಿ ಬರೆಯುತ್ತೇನೆ, ಅವಳಿಗೆ ಓದಿ ಹೇಳಬಹುದಾದ ಭಾಷೆಯಲ್ಲಿ.

ಘಟನೆಯ ಸಮಯ: ಮಧ್ಯಾಹ್ನ ಎರಡು ದಾಟಿತ್ತು, ಮಕ್ಕಳು ಮಲಗಿದ್ದರು. ಆ ಹೊತ್ತಿನಲ್ಲಿ ಒಮ್ಮೆ ಗಂಟೆ ಬಾರಿಸಿ ನೋಡಿ ಎಂದು ಆಯಾ ಹುಲಿಗೆಮ್ಮ ಮೊದಲೇ ಹೇಳಿದ್ದಳು, ನಾನು ಬಾರಿಸಲಿಲ್ಲ. ಗಂಟೆಯಾದಾಗ ಮಕ್ಕಳು ಹೊಗೆಯೊಳಗೆ ಹೋಗಿ ಕೂತದ್ದು ಹಂತ ಒಂದರ ಪ್ರಕಾರ. ಹಂತ ಒಂದನ್ನು ಬರೆದವನು ನಾನು. ಹುಲಿಗೆಮ್ಮ ಅದನ್ನು ಮುರಿದಳು, ಬೂಟುಗಳನ್ನು ಹಿಂದಿನ ಬಾಗಿಲಿಂದ ಹೊರಗೆ ಎಸೆದಳು. ಮಕ್ಕಳೆಲ್ಲ ಹೊರಗೆ ಬಂದರು, ಬರಿಗಾಲಲ್ಲಿ.